ಕೊನೆಯ ಸಾಲಿಗೂ ಒಂದು ಪೂರ್ಣವಿರಾಮ

ಕಣ್ಣಿಗೆ ಕಾಣದ ಒಂದು ಅಕ್ಷರದ ಪರವಾಗಿ ವಕಾಲತ್ತು ವಹಿಸಲು ಹೊರಟಿದ್ದೇನೆ. ಅದಕ್ಕೆ ರೂಪವಿಲ್ಲ, ಉಚ್ಚಾರವಿಲ್ಲ, ವರ್ಣಮಾಲೆಯಲ್ಲಿ ಸ್ಥಾನವಿಲ್ಲ. ಅಚ್ಚು ಹಾಕಿಸಿದರೆ ಕಾಗದದ ಮೇಲೆ ಮೂಡುವುದೂ ಇಲ್ಲ. ಆದರೂ ಕಂಪ್ಯೂಟರಿನಲ್ಲಿ ನಾವು ಬರೆದಿಡುವ ಪ್ರತಿಯೊಂದು ಪಟ್ಟಿ, ಪತ್ರ, ಲೆಕ್ಕದೊಳಗೆ ಅದು ಸಾಲು ಸಾಲಿಗೂ ಕೂತಿರುತ್ತದೆ, ಕೂತಿರಬೇಕು. ‘ಸಾಲು ಇಲ್ಲಿಗೆ ಮುಗಿಯಿತು’ ಎಂದು ಯಂತ್ರಕ್ಕೆ ಹೇಳುವ ಗುರುತು ಅದು. ತಿಳಿದವರು ಅದನ್ನು ನ್ಯೂಲೈನ್ ಎನ್ನುತ್ತಾರೆ. ನನ್ನ ತಕರಾರು ಇಷ್ಟೇ. ಎಲ್ಲ ಸಾಲುಗಳಿಗೂ ಸಿಗುವ ಈ ಗುರುತನ್ನು ಕೊನೆಯ ಸಾಲಿಗೆ ಮಾತ್ರ ಕೊಡದೆ ಬಿಡುವ ಎಡಿಟರುಗಳು, ಅಂದರೆ ನಾವು ಬರೆಯಲು ಬಳಸುವ ತಂತ್ರಾಂಶಗಳು, ತಪ್ಪು ಮಾಡುತ್ತಿವೆ. ಅವುಗಳ ಪರ ವಾದಿಸುವವರು ಆ ತಪ್ಪಿಗೆ ‘ಬಳಕೆದಾರರ ಸ್ವಾತಂತ್ರ್ಯ’ ಎಂಬ ದೊಡ್ಡ ಹೆಸರು ಕೊಟ್ಟು ಕೂರಿಸಿದ್ದಾರೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಗಂಟಲೇ ಎಂದು ನಗುವವರು ನಗಲಿ. ಹೇಳಿ ಕೇಳಿ ನಾನು ಬಿ.ಎ., ಬಿ.ಎಡ್. ಮಾಡಿಕೊಂಡು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ಪೂರ್ಣವಿರಾಮ ಬಿಟ್ಟ ಉತ್ತರಕ್ಕೆ ಅರ್ಧ ಅಂಕ ಕಳೆಯುವುದು ನನ್ನ ಕಸುಬು. ಆ ಕಸುಬಿನ ಕಣ್ಣಿನಿಂದಲೇ ಈ ವಿಷಯವನ್ನು ನೋಡಿದ್ದೇನೆ. ಅದು ಸಣ್ಣದಲ್ಲ ಎಂಬುದು ನನಗೆ ಖಚಿತವಾಗಿದೆ.

ಮೊದಲು ಕಡತದ ಒಳಗನ್ನು ನೋಡೋಣ. ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಕಾಣುತ್ತವೆ. ಕಡತದೊಳಗೆ ಮೇಲೆ ಕೆಳಗೆ ಎಂಬುದೇ ಇಲ್ಲ. ಅಲ್ಲಿರುವುದು ಒಂದೇ ಉದ್ದನೆಯ ದಾರ, ಆ ದಾರದಲ್ಲಿ ಪೋಣಿಸಿದ ಅಂಕಿಗಳು. ಒಂದೊಂದು ಅಕ್ಷರಕ್ಕೂ ಅದರದೇ ಅಂಕಿಗಳುಂಟು. ಓದುತ್ತಾ ಹೋಗುವಾಗ 10 ಎಂಬ ಅಂಕಿ ಎದುರಾದರೆ ಸಾಲು ಮುಗಿಯಿತು ಎಂದು ಅರ್ಥ. ಆಗ ಯಂತ್ರ ಮುಂದಿನದನ್ನು ಕೆಳಗಿನ ಸಾಲಿನಲ್ಲಿ ತೋರಿಸುತ್ತದೆ. ಎಂಟರ್ ಕೀಲಿ ಒತ್ತಿದಾಗ ನಾವು ಮಾಡುವುದು ಈ ಅಂಕಿಯನ್ನು ಪೋಣಿಸುವ ಕೆಲಸವನ್ನೇ.

ಇದರ ಮೂಲ ಟೈಪ್‌ರೈಟರಿನಲ್ಲಿದೆ. ಒಂದು ಕಾಲದಲ್ಲಿ ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಕೂತು ಬೆರಳು ಪಳಗಿಸಿಕೊಂಡವರಿಗೆ ನೆನಪಿರಬೇಕು: ಸಾಲು ಮುಗಿದಾಗ ‘ಟಿಣ್’ ಎಂದು ಗಂಟೆ ಹೊಡೆಯುತ್ತಿತ್ತು, ಎಡಗಡೆಯ ಸನ್ನೆಯನ್ನು ತಳ್ಳಿದರೆ ಕಾಗದ ಹೊತ್ತ ಬಂಡಿ ಮೊದಲ ಜಾಗಕ್ಕೆ ಸರಿಯುತ್ತಿತ್ತು, ಜೊತೆಗೇ ಕಾಗದ ಒಂದು ಸಾಲು ಮೇಲೇರುತ್ತಿತ್ತು. ಟೆಲಿಪ್ರಿಂಟರು ಬಂದಾಗ ಈ ಎರಡು ಕೆಲಸಗಳಿಗೆ ಎರಡು ಬೇರೆ ಸಂಜ್ಞೆಗಳಾದವು. 1963ರಲ್ಲಿ ಆಸ್ಕಿ ಎಂಬ ಸಂಕೇತಪಟ್ಟಿ ಬಂದಾಗ ಬಂಡಿ ಹಿಂದಿರುಗಲು 13, ಕಾಗದ ಏರಲು 10 ಎಂಬ ಅಂಕಿಗಳು ನಿಂತವು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯುನಿಕ್ಸ್ ವ್ಯವಸ್ಥೆ 10 ಒಂದೇ ಸಾಕು ಎಂದಿತು. ಮೈಕ್ರೋಸಾಫ್ಟಿನ ಡಾಸ್, ಆಮೇಲೆ ವಿಂಡೋಸ್, ಎರಡನ್ನೂ ಇಟ್ಟುಕೊಂಡವು. ಹಳೆಯ ಮ್ಯಾಕಿಂತೋಷ್ 13 ಒಂದನ್ನೇ ಹಿಡಿದಿತ್ತು. 2001ರಲ್ಲಿ ಬಂದ ಮ್ಯಾಕ್ ಓಎಸ್ ಎಕ್ಸ್ ಯುನಿಕ್ಸಿನ ದಾರಿಗೆ ಬಂತು. ವಿಂಡೋಸಿನ ನೋಟ್‌ಪ್ಯಾಡ್ 2018ರವರೆಗೂ ಯುನಿಕ್ಸ್ ಕಡತಗಳನ್ನು ತೆರೆದರೆ ಸಾಲುಗಳನ್ನು ಗುರುತಿಸಲಾರದೆ ಎಲ್ಲವನ್ನೂ ಒಂದೇ ರಾಶಿಯಾಗಿ ತೋರಿಸುತ್ತಿತ್ತು. ಇರಲಿ. ಒಂದು ಅಂಕಿಯೋ ಎರಡೋ ಎಂಬ ಆ ಜಗಳ ಹೆಚ್ಚುಕಡಿಮೆ ತಣ್ಣಗಾಗಿದೆ. ಕೊನೆಯ ಸಾಲಿನ ಜಗಳ ತಣ್ಣಗಾಗಿಲ್ಲ.

ಜಗಳದ ಬೇರು ಒಂದು ಪ್ರಶ್ನೆಯಲ್ಲಿದೆ. ಈ ಗುರುತು ಎರಡು ಸಾಲುಗಳ ನಡುವಿನ ಬೇಲಿಯೋ, ಅಥವಾ ಪ್ರತಿ ಸಾಲಿನ ಸ್ವಂತ ಮುಕ್ತಾಯವೋ? ನಾನು ಇದನ್ನು ತರಗತಿಯ ಭಾಷೆಯಲ್ಲಿ ಹೇಳುತ್ತೇನೆ. ‘ರಾಗಿ, ಜೋಳ, ನವಣೆ’ ಎಂದು ಬರೆದಾಗ ಅಲ್ಪವಿರಾಮ ಬರುವುದು ನಡುವೆ. ನವಣೆಯ ಮುಂದೆ ಅದು ಬೇಡ, ಏಕೆಂದರೆ ಬೇರ್ಪಡಿಸಲು ಮುಂದೆ ಏನೂ ಇಲ್ಲ. ಪೂರ್ಣವಿರಾಮದ ಸ್ವಭಾವ ಬೇರೆ. ಅದು ವಾಕ್ಯದ ಸ್ವತ್ತು. ಮುಂದೆ ಇನ್ನೊಂದು ವಾಕ್ಯವಿದೆಯೋ ಇಲ್ಲವೋ, ಪ್ರಬಂಧದ ಕಟ್ಟಕಡೆಯ ವಾಕ್ಯಕ್ಕೂ ಅದು ಬೇಕು. ‘ಮುಂದೆ ವಾಕ್ಯವಿಲ್ಲವಲ್ಲ ಟೀಚರ್, ಯಾಕೆ ಹಾಕಬೇಕು?’ ಎಂದು ಯಾವ ವಿದ್ಯಾರ್ಥಿಯೂ ಇದುವರೆಗೆ ನನ್ನನ್ನು ಕೇಳಿಲ್ಲ. ಆದರೆ ದೊಡ್ಡ ದೊಡ್ಡ ತಂತ್ರಾಂಶ ಬರೆಯುವ ಜಾಣರು ಕೇಳುತ್ತಿರುವುದು ಈ ಪ್ರಶ್ನೆಯನ್ನೇ!

ಯುನಿಕ್ಸ್ ಪರಂಪರೆಯ ಉತ್ತರ ಸ್ಪಷ್ಟವಾಗಿದೆ. ಪಾಸಿಕ್ಸ್ ಎಂಬ ಮಾನಕದ ಪ್ರಕಾರ ಸಾಲು ಎಂದರೆ ಸೊನ್ನೆ ಅಥವಾ ಹೆಚ್ಚು ಅಕ್ಷರಗಳು ಮತ್ತು ಅವುಗಳನ್ನು ಮುಗಿಸುವ ಒಂದು ನ್ಯೂಲೈನ್. ಆ ಗುರುತಿಲ್ಲದ್ದು ಅಪೂರ್ಣ ಸಾಲು. ಸಿ ಭಾಷೆಯ 1989ರ ಮಾನಕವೂ ಖಾಲಿಯಲ್ಲದ ಕಡತ ಈ ಗುರುತಿನಿಂದಲೇ ಮುಗಿಯಬೇಕು ಎಂದು ವಿಧಿಸಿತು. ಅದರ ತಂಗಿಯಾದ ಸಿ ಪ್ಲಸ್ ಪ್ಲಸ್ 2011ರಲ್ಲಿ ಸ್ವಲ್ಪ ಮೆತ್ತಗಾಯಿತು: ಗುರುತಿಲ್ಲದಿದ್ದರೆ ಇದೆ ಎಂದೇ ಭಾವಿಸಿಕೊಳ್ಳಬೇಕು ಎಂದಿತು. ಗಮನಿಸಿ, ಅಲ್ಲಿಯೂ ಗುರುತು ಬೇಡವೆಂದು ಹೇಳಲಿಲ್ಲ. ಮರೆತವರ ಪರವಾಗಿ ತಾನೇ ಹಾಕಿಕೊಂಡಿತು.

ಎಡಿಟರುಗಳ ಕಥೆ ಹೀಗೆ. 1976ರಲ್ಲಿ ಬಿಲ್ ಜಾಯ್ ಬರೆದ ವಿಐ, ಅದರ ವಂಶದಲ್ಲಿ 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್, ಕಡತ ಉಳಿಸುವಾಗ ಕೊನೆಯ ಸಾಲಿನ ಗುರುತನ್ನು ತಾವೇ ಹಾಕುತ್ತವೆ. ಗುರುತಿಲ್ಲದ ಕಡತ ತೆರೆದರೆ ವಿಮ್ ಕೆಳಗಡೆ ‘ನೋಇಒಎಲ್’ ಎಂದು ಎಚ್ಚರಿಕೆಯನ್ನೂ ತೋರಿಸುತ್ತದೆ. ನ್ಯಾನೋ ಎಂಬ ಚಿಕ್ಕ ಎಡಿಟರೂ ಹಾಗೆಯೇ ಹಾಕುತ್ತದೆ. ನೋಟ್‌ಪ್ಯಾಡ್ ಹಾಕುವುದಿಲ್ಲ. ಇವತ್ತು ಅತಿ ಜನಪ್ರಿಯವಾಗಿರುವ ವಿಷುಯಲ್ ಸ್ಟುಡಿಯೋ ಕೋಡ್‌ನಲ್ಲಿ ಅದಕ್ಕೊಂದು ಆಯ್ಕೆಯಿದೆ, ಆದರೆ ನಾವು ಹುಡುಕಿ ಚಾಲೂ ಮಾಡದಿದ್ದರೆ ಅದು ಮಲಗಿಯೇ ಇರುತ್ತದೆ. ಮಲಗಿದ ಆಯ್ಕೆಯನ್ನು ಎಬ್ಬಿಸುವವರು ಎಷ್ಟು ಜನ? ಆಯ್ಕೆ ಇದೆ ಎಂದು ತಿಳಿದವರಿಗೆ ಅದರ ಅಗತ್ಯವೇ ಕಡಿಮೆ. ಅಗತ್ಯ ಇರುವವರಿಗೆ ಅದು ಇರುವುದೇ ಗೊತ್ತಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಪರದೆಯ ಮೇಲೆ ನಡೆಯುತ್ತದೆ. ಮೂರು ಹೆಸರು ಬರೆದು, ಮೂರನೆಯದರ ಕೊನೆಗೂ ಎಂಟರ್ ಒತ್ತಿ ನೋಡಿ. ಇಂಥ ಎಡಿಟರುಗಳು ನಾಲ್ಕನೆಯ ಸಾಲೊಂದನ್ನು, ಸಾಲಿನ ಸಂಖ್ಯೆ ಸಮೇತ, ಖಾಲಿಯಾಗಿ ತೋರಿಸುತ್ತವೆ. ಕಡತದಲ್ಲಿ ನಾಲ್ಕನೆಯ ಸಾಲೇ ಇಲ್ಲ! ಇರುವುದು ಸರಿಯಾಗಿ ಮುಗಿದ ಮೂರು ಸಾಲು. ಆದರೆ ಪರದೆ ಹೇಳುವ ಸುಳ್ಳನ್ನು ನಂಬಿದವರು ‘ಅಯ್ಯೋ, ಕೊನೆಗೆ ಒಂದು ಖಾಲಿ ಸಾಲು ಉಳಿದಿದೆ, ನೋಡಲು ಚೆನ್ನಾಗಿಲ್ಲ’ ಎಂದು ಅದನ್ನು ಅಳಿಸುತ್ತಾರೆ. ಅಚ್ಚುಕಟ್ಟಿನ ಮಕ್ಕಳೇ ಮೊದಲು ಅಳಿಸುವವರು. ಅಂದರೆ ಈ ಎಡಿಟರುಗಳು ಸರಿಯಾಗಿ ಬರೆಯುವವರಿಗೆ ತಪ್ಪನ್ನು ಕಲಿಸುತ್ತಿವೆ. ಶಿಸ್ತನ್ನೇ ಶಿಸ್ತಿನ ವಿರುದ್ಧ ತಿರುಗಿಸುತ್ತಿವೆ. ಶಿಕ್ಷಕಿಯಾಗಿ ನನಗೆ ಹೆಚ್ಚು ಸಿಟ್ಟು ಬರುವುದು ಇಲ್ಲಿ.

ಗುರುತು ಬಿಟ್ಟರೆ ಆಗುವುದೇನು? ಯುನಿಕ್ಸಿನಲ್ಲಿ ಸಾಲು ಎಣಿಸುವ ಡಬ್ಲ್ಯುಸಿ ಎಂಬ ಆಜ್ಞೆ ಎಣಿಸುವುದು ಈ ಗುರುತುಗಳನ್ನು. ನಲವತ್ತು ಹೆಸರಿದ್ದು ಕೊನೆಯದಕ್ಕೆ ಗುರುತಿಲ್ಲದಿದ್ದರೆ ಅದು ಮೂವತ್ತೊಂಬತ್ತು ಎನ್ನುತ್ತದೆ. ಕಡತಗಳನ್ನು ಒಂದರ ಹಿಂದೊಂದು ಜೋಡಿಸುವ ಕ್ಯಾಟ್ ಎಂಬ ಆಜ್ಞೆ ತನ್ನದೇನನ್ನೂ ಸೇರಿಸುವುದಿಲ್ಲ. ಹಿಂದಿನ ಕಡತದ ಕೊನೆಯ ಸಾಲೂ ಮುಂದಿನ ಕಡತದ ಮೊದಲ ಸಾಲೂ ಅಂಟಿಕೊಂಡು ಒಂದೇ ಸಾಲಾಗುತ್ತವೆ. ಸಾಲು ಸಾಲಾಗಿ ಓದಿ ಕೆಲಸ ಮಾಡಿಸುವ ‘ವೈಲ್ ರೀಡ್’ ಎಂಬ ಬಹು ಬಳಕೆಯ ಪದ್ಧತಿಯಲ್ಲಂತೂ ವಿಚಿತ್ರ ನಡೆಯುತ್ತದೆ. ರೀಡ್ ಕೊನೆಯ ಸಾಲನ್ನು ಓದಿಯೇ ಓದುತ್ತದೆ. ಆದರೆ ಗುರುತು ಸಿಗುವ ಮೊದಲೇ ಕಡತ ಮುಗಿದುಹೋದದ್ದರಿಂದ ‘ಓದಲಾಗಲಿಲ್ಲ’ ಎಂದು ವರದಿ ಒಪ್ಪಿಸುತ್ತದೆ. ಓದಿದ್ದು ಕೈಯಲ್ಲಿರುವಾಗಲೇ ಕೆಲಸ ನಿಂತುಬಿಡುತ್ತದೆ. ಲಿನಕ್ಸಿನಲ್ಲಿ ಹೊತ್ತು ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಎಂಬ ಮೇಸ್ತ್ರಿಯುಂಟು. ಅವನ ಪಟ್ಟಿಯ ಪ್ರತಿ ಸಾಲೂ ಈ ಗುರುತಿನಿಂದ ಮುಗಿದಿರಬೇಕೆಂದು ಕೈಪಿಡಿಯೇ ಹೇಳುತ್ತದೆ. ಕೊನೆಯದಕ್ಕೆ ಅದಿಲ್ಲದಿದ್ದರೆ ಪಟ್ಟಿಯೇ ಕೆಟ್ಟಿದೆ ಎಂದು ಅವನ ಲೆಕ್ಕ. ನೆನಪಾದಾಗ ಕೊನೆಗೆ ಸೇರಿಸಿದ ಕೆಲಸವೇ, ಉದಾಹರಣೆಗೆ ರಾತ್ರಿ ಹೊತ್ತು ಕಡತಗಳ ಪ್ರತಿ ತೆಗೆದಿಡುವ ಕೆಲಸವೇ, ನಡೆಯದೆ ಉಳಿಯಬಹುದು.

ಹಲವರು ಸೇರಿ ಒಂದೇ ಕಡತವನ್ನು ತಿದ್ದುವಲ್ಲಿ ಇನ್ನೊಂದು ತೊಡಕು. ಯಾರು ಯಾವ ಸಾಲನ್ನು ಯಾವಾಗ ಬದಲಿಸಿದರು ಎಂದು ಲೆಕ್ಕ ಇಡುವ ಗಿಟ್ ಎಂಬ ವ್ಯವಸ್ಥೆಯನ್ನು 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದರು. ಗುರುತಿಲ್ಲದ ಕೊನೆಯ ಸಾಲಿನ ಕೆಳಗೆ ನೀವು ಒಂದು ಹೊಸ ಸಾಲು ಸೇರಿಸಿದರೆ, ಹಿಂದಿನ ಸಾಲಿಗೆ ಗುರುತು ಬೀಳುತ್ತದಲ್ಲ, ಆ ಕಾರಣಕ್ಕೆ ಅದನ್ನೂ ನೀವೇ ಬದಲಿಸಿದಿರಿ ಎಂದು ದಾಖಲಾಗುತ್ತದೆ. ಒಬ್ಬರು ಬರೆದ ಸಾಲಿನ ಮೇಲೆ ಇನ್ನೊಬ್ಬರ ರುಜು! ಅಂಕಪಟ್ಟಿಯಲ್ಲಿ ಹೀಗಾದರೆ ಮುಖ್ಯೋಪಾಧ್ಯಾಯರು ವಿವರಣೆ ಕೇಳದೆ ಬಿಡುವುದಿಲ್ಲ.

ಇವೆಲ್ಲ ಯಂತ್ರಗಳ ಒಳಜಗಳ, ನಮಗೇನು ಎಂದು ಕೇಳಬಹುದು. ನಮಗೇನು ಎಂಬುದನ್ನೂ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ದತ್ತಿ ಸಂಸ್ಥೆ ನಮ್ಮ ಸುತ್ತಿನ ಒಂಬತ್ತು ಶಾಲೆಗಳ ಎಂಟನೆಯ ತರಗತಿಯ ಹುಡುಗಿಯರಿಗೆ ಚೀಲ, ನೋಟ್‌ಪುಸ್ತಕ ಕೊಡಲು ಮುಂದೆ ಬಂತು. ಹೆಸರು ಬೇಡ, ಅವರ ಉದ್ದೇಶ ಒಳ್ಳೆಯದೇ. ಪ್ರತಿ ಶಾಲೆಯಿಂದಲೂ ಒಂದು ಪಟ್ಟಿ ಹೋಯಿತು: ಹುಡುಗಿಯ ಹೆಸರು, ತಂದೆಯ ಹೆಸರು, ಊರು, ನಡುವೆ ಅಲ್ಪವಿರಾಮ, ಒಬ್ಬಳಿಗೆ ಒಂದು ಸಾಲು. ಅವರ ಕಡೆಯವರು ಒಂಬತ್ತು ಕಡತಗಳನ್ನೂ ಒಂದಾಗಿ ಜೋಡಿಸಿದರು. ಮೂರಕ್ಕಿಂತ ಹೆಚ್ಚು ಅಂಕಣವಿರುವ ಸಾಲನ್ನು ‘ದೋಷಪೂರಿತ’ ಎಂದು ಬದಿಗಿಡುವಂತೆ ತಂತ್ರಾಂಶ ಬರೆದಿದ್ದರಂತೆ. ಯಾವ ಕಡತದ ಕೊನೆಯಲ್ಲೂ ಗುರುತಿರಲಿಲ್ಲ. ಒಂಬತ್ತು ಕಡತಗಳಿಗೆ ಎಂಟು ಬೆಸುಗೆ. ಒಂದೊಂದು ಬೆಸುಗೆಯಲ್ಲೂ ಒಂದು ಶಾಲೆಯ ಕೊನೆಯ ಹುಡುಗಿ, ಇನ್ನೊಂದು ಶಾಲೆಯ ಮೊದಲ ಹುಡುಗಿ ಅಂಟಿಕೊಂಡು ಐದು ಅಂಕಣದ ಒಂದು ಸಾಲಾದರು. ಅಲ್ಲಿಗೆ ಹದಿನಾರು ಜನ ಹೋದರು. ಒಂಬತ್ತನೆಯ ಶಾಲೆಯ ಕೊನೆಯ ಹುಡುಗಿಯನ್ನು ಓದಿಯೂ ಓದದಂತೆ ಬಿಟ್ಟಿತು ಯಂತ್ರ. ಒಟ್ಟು ಹದಿನೇಳು.

ಸಮಾರಂಭದ ದಿನ ಹೆಸರು ಕೂಗಿ ಕೂಗಿ ಚೀಲ ಕೊಟ್ಟರು. ಹದಿನೇಳು ಹುಡುಗಿಯರು ಕಡೆಯವರೆಗೂ ಕಾದು ಬರಿಗೈಯಲ್ಲಿ ನಿಂತರು. ಹಾಜರಿ ಪುಸ್ತಕದ ತಲೆಯಲ್ಲಿರುವ ಹುಡುಗಿಯರು, ಬಾಲದಲ್ಲಿರುವ ಹುಡುಗಿಯರು. ಪಟ್ಟಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿತ್ತಾದ್ದರಿಂದ ಯಲ್ಲಮ್ಮ, ಯಶೋದಾ ಎಂಬಂಥ ಹೆಸರಿನವರು ಯಾವಾಗಲೂ ಕೊನೆ. ಎಲ್ಲದರಲ್ಲೂ ಕೊನೆಗೆ ಕರೆಸಿಕೊಂಡು ಅಭ್ಯಾಸವಾದವರು, ಅಂದು ಕರೆಯಲೇ ಇಲ್ಲ. ಶಾಲೆಗಳು ಹೆಸರು ಕಳಿಸಿಲ್ಲ ಎಂದು ಸಂಸ್ಥೆ ಹೇಳಿತು. ಕಳಿಸಿದ್ದೇವೆ ಎಂದು ನಾವು ಹೇಳಿದೆವು. ಕಡತ ತೆರೆದರೆ ಎಲ್ಲ ಹೆಸರೂ ಕಣ್ಣಿಗೆ ಕಾಣುತ್ತಿದ್ದವು! ನಾಲ್ಕು ದಿನ ಒಬ್ಬರ ಮೇಲೊಬ್ಬರು ಅನುಮಾನಪಟ್ಟ ಮೇಲೆ, ನಮ್ಮ ಕಂಪ್ಯೂಟರ್ ಪಾಠ ಮಾಡುವ ಹುಡುಗ ಆ ಕಡತಗಳನ್ನು ವಿಮ್‌ನಲ್ಲಿ ತೆರೆದ. ಒಂಬತ್ತಕ್ಕೆ ಒಂಬತ್ತರ ಕೆಳಗೂ ಆ ಎಚ್ಚರಿಕೆ ಬಂತು. ತಿಂಗಳ ನಂತರ ಚೀಲಗಳೂ ಬಂದವು. ಆದರೆ ತುಂಬಿದ ಸಭೆಯಲ್ಲಿ ಹೆಸರು ಕೂಗದೆ ಉಳಿದದ್ದನ್ನು ಹದಿಮೂರು ವರ್ಷದ ಹುಡುಗಿ ಚೀಲ ಸಿಕ್ಕಿತೆಂದು ಮರೆಯುತ್ತಾಳೆಯೇ?

ಈಗ ಎದುರು ಪಕ್ಷದ ವಾದಗಳನ್ನು ನೋಡೋಣ. ಮೊದಲನೆಯದು, ‘ನಾನು ಒತ್ತದ ಕೀಲಿಯನ್ನು ಎಡಿಟರು ತಾನಾಗಿ ಏಕೆ ಒತ್ತಬೇಕು? ನಾನು ಬರೆದದ್ದು ಮಾತ್ರ ಉಳಿಯಲಿ’ ಎಂಬುದು. ಕೇಳಲು ನ್ಯಾಯವಾಗಿದೆ. ಆದರೆ ವಿಂಡೋಸಿನಲ್ಲಿ ಒಮ್ಮೆ ಎಂಟರ್ ಒತ್ತಿದರೆ 13, 10 ಎಂದು ಎರಡು ಅಂಕಿ ಬೀಳುತ್ತವೆ. ಎರಡು ಸಲ ಒತ್ತಿದವರು ಯಾರು? ಯುಟಿಎಫ್-8 ಎಂಬ ವಿಧಾನದಲ್ಲಿ ಉಳಿಸುವಾಗ ಕನ್ನಡದ ‘ಕ’ ಮೂರು ಬೈಟುಗಳಾಗುತ್ತದೆ. ಆ ಮೂರನ್ನು ನಾವು ಎಣಿಸಿ ಹಾಕಿದೆವೇ? ನಮ್ಮ ಬೆರಳಿನ ಕೆಲಸವನ್ನು ಕಡತದ ಭಾಷೆಗೆ ತಿರುಗಿಸುವುದೇ ಎಡಿಟರಿನ ಉದ್ಯೋಗ. ಆ ಭಾಷೆಯ ವ್ಯಾಕರಣ ಸಾಲಿಗೊಂದು ಮುಕ್ತಾಯ ಕೇಳುತ್ತದೆ. ಎಲ್ಲವನ್ನೂ ತಿರುಗಿಸಿ ಕೊನೆಯದೊಂದನ್ನು ಬಿಡುವುದು ಸ್ವಾತಂತ್ರ್ಯವಲ್ಲ, ಅರೆಗೆಲಸ.

ಎರಡನೆಯದು, ಸುಮ್ಮನೆ ಒಂದು ಬೈಟು ದಂಡ ಎಂಬುದು. ನಮ್ಮ ‘ಸ್ತ್ರೀ’ ಎಂಬ ಒಂದು ಒತ್ತಕ್ಷರಕ್ಕೆ ಹದಿನೆಂಟು ಬೈಟು ಬೇಕು. ಅಷ್ಟು ಕೊಟ್ಟು ಬರೆಯುವವರು ನಾವು. ಹದಿನೇಳು ಹುಡುಗಿಯರ ಹೆಸರು ಉಳಿಯಲು ಒಂಬತ್ತು ಕಡತಗಳಿಗೆ ತಲಾ ಒಂದು, ವಿಂಡೋಸಿನ ಪದ್ಧತಿಯಲ್ಲಾದರೆ ತಲಾ ಎರಡು ಬೈಟು ಸಾಕಿತ್ತು. ಈ ವಾದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ಮೂರನೆಯದು ಸ್ವಲ್ಪ ಗಟ್ಟಿ. ‘ಓದುವ ತಂತ್ರಾಂಶಗಳೇ ಸರಿಯಿಲ್ಲ, ಅವನ್ನು ತಿದ್ದಿ, ಬರೆಯುವವರನ್ನು ಏಕೆ ಕಾಡುತ್ತೀರಿ?’ ಓದುವವರು ಉದಾರವಾಗಿರಬೇಕು ಎಂಬುದನ್ನು ಒಪ್ಪುತ್ತೇನೆ. ಗುರುತಿಲ್ಲ ಎಂದು ಕೊನೆಯ ಹೆಸರನ್ನು ನುಂಗುವ ತಂತ್ರಾಂಶ ಖಂಡಿತ ತಪ್ಪು. ಆದರೆ ಅಂತರಜಾಲದ ನಿಯಮಗಳನ್ನು ರೂಪಿಸಿದವರಲ್ಲೊಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲೇ ಹೇಳಿದ ತತ್ವಕ್ಕೆ ಎರಡು ಮುಖಗಳಿವೆ: ಪರರಿಂದ ಪಡೆಯುವಾಗ ಔದಾರ್ಯ, ತಾನು ಕೊಡುವಾಗ ಬಿಗಿ. ಅನೇಕರು ಮೊದಲ ಮುಖವನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಬಾವಿಗೆ ಒಂದು ಕಟ್ಟೆ ಕಟ್ಟುವುದು ಸುಲಭವೋ, ದಾರಿಯಲ್ಲಿ ಹೋಗುವ ಪ್ರತಿಯೊಬ್ಬರಿಗೂ ‘ಹುಷಾರು, ಬಾವಿಯಿದೆ’ ಎಂದು ಹೇಳುತ್ತಾ ಕೂರುವುದು ಸುಲಭವೋ? ಕಡತವನ್ನು ಉಳಿಸುವಾಗ ಹಾಕುವ ಗುರುತು ಮುಂದೆ ಓದುವ ಎಲ್ಲರಿಗೂ ಸಾಕು.

ನಾಲ್ಕನೆಯ ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಗುಪ್ತಪದವನ್ನು ಕಡತದಲ್ಲಿಟ್ಟಾಗ, ಗುರುತೂ ಗುಪ್ತಪದದ ಭಾಗವೆಂದು ತಿಳಿದು ಬಾಗಿಲು ತೆರೆಯದ ತಂತ್ರಾಂಶಗಳುಂಟು. ಡಿಜಿಟಲ್ ಸಹಿ ಹಾಕಿದ ಕಡತದಲ್ಲಿ ಒಂದು ಬೈಟು ಹೆಚ್ಚಿದರೂ ಸಹಿ ಕೆಡುತ್ತದೆ. ನಿಜ. ಆದರೆ ಇವು ಸಾಲುಗಳಿಂದಾದ ಬರಹಗಳಲ್ಲ, ಅರಗಿನ ಮುದ್ರೆ ಒತ್ತಿದ ಲಕೋಟೆಗಳು. ಅವುಗಳಿಗಾಗಿ ‘ಇಲ್ಲಿ ಗುರುತು ಹಾಕಬೇಡ’ ಎಂಬ ಆಯ್ಕೆ ಇರಲಿ. ಪರರ ಕಡತದಲ್ಲಿ ಗುರುತು ಇಲ್ಲದಿದ್ದರೆ ‘ಇಲ್ಲ, ಹಾಕುತ್ತಿದ್ದೇನೆ’ ಎಂದು ಹೇಳಿಯೇ ಹಾಕಲಿ. ವಿಮ್ 2015ರಿಂದ ಇದಕ್ಕೊಂದು ಆಯ್ಕೆಯನ್ನು ಇಟ್ಟಿದೆ. ಅಪರೂಪದವರು ಆಯ್ಕೆ ಹುಡುಕಿಕೊಳ್ಳಲಿ. ಸಾಮಾನ್ಯರಿಗೆ ಸರಿಯಾದದ್ದು ತಾನಾಗಿ ಸಿಗಲಿ. ಈಗ ನಡೆಯುತ್ತಿರುವುದು ಇದರ ತಿರುಗುಮುರುಗು.

ಇದೆಲ್ಲ ಪರದೇಶದ ಯಂತ್ರದ ವ್ಯವಹಾರ ಎಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಮುಗಿಸಿ ಬರೆಯುವುದು ನಮಗೆ ಹೊಸದಲ್ಲ. ಹಳೆಯ ಪದ್ಯಗಳ ಅರ್ಧಕ್ಕೆ ಒಂಟಿ ದಂಡ, ಕೊನೆಗೆ ಜೋಡಿ ದಂಡ. ಕಾವ್ಯದ ಕಟ್ಟಕಡೆಯ ಪದ್ಯಕ್ಕೂ ಜೋಡಿ ದಂಡ ಉಂಟು. ಓಲೆಗರಿಯಲ್ಲಿ ಎಡೆಬಿಡದೆ ಒತ್ತಾಗಿ ಬರೆದ ವಚನಗಳಲ್ಲಿ ಒಂದು ವಚನ ಎಲ್ಲಿ ಮುಗಿಯಿತೆಂದು ಹೇಳುವುದು ಅಂಕಿತ. ಕೂಡಲಸಂಗಮದೇವ ಎಂದು ಬಂದರೆ ಬಸವಣ್ಣನವರ ವಚನ ಮುಗಿಯಿತು, ಚೆನ್ನಮಲ್ಲಿಕಾರ್ಜುನ ಎಂದು ಬಂದರೆ ಅಕ್ಕನ ವಚನ ಮುಗಿಯಿತು. ಕಟ್ಟಿನ ಕೊನೆಯ ವಚನ ಎಂದು ಅಂಕಿತ ಬಿಟ್ಟವರುಂಟೇ? ಎಷ್ಟೋ ಶಾಸನಗಳು ‘ಮಂಗಳ ಮಹಾ ಶ್ರೀ’ ಎಂದು ಮುಗಿಯುತ್ತವೆ. ಇವತ್ತಿಗೂ ಚೆಕ್ ಬರೆಯುವಾಗ ‘ಐನೂರು ರೂಪಾಯಿ ಮಾತ್ರ’ ಎಂದು ಬರೆಯುತ್ತೇವೆ. ಆ ‘ಮಾತ್ರ’ಕ್ಕೆ ಬೆಲೆಯೇನೂ ಇಲ್ಲ, ಆದರೆ ಅದನ್ನು ಬಿಟ್ಟರೆ ಮುಂದೆ ಯಾರು ಏನು ಅಂಟಿಸುತ್ತಾರೋ ಹೇಳಲಾಗದು.

ಆದ್ದರಿಂದ ನನ್ನ ಒತ್ತಾಯ ಮೂರು. ಎಡಿಟರು ಬರಹದ ಕಡತವನ್ನು ಉಳಿಸುವಾಗ ಕೊನೆಯ ಸಾಲಿಗೆ ಒಂದು ಗುರುತನ್ನು, ಹತ್ತನ್ನಲ್ಲ, ಒಂದೇ ಒಂದನ್ನು, ಕೇಳದೆಯೇ ಹಾಕಲಿ. ಇಲ್ಲದ ಖಾಲಿ ಸಾಲನ್ನು ಇದೆಯೆಂದು ಪರದೆಯ ಮೇಲೆ ತೋರಿಸುವುದನ್ನು ನಿಲ್ಲಿಸಲಿ. ಅದು ಆಗುವವರೆಗೆ, ಕಂಪ್ಯೂಟರ್ ಪಾಠ ಹೇಳುವವರು ಮೊದಲ ದಿನವೇ ಮಕ್ಕಳಿಗೆ ಕೊನೆಯ ಸಾಲಿನ ನಂತರವೂ ಎಂಟರ್ ಒತ್ತಲು ಕಲಿಸಲಿ. ಏಕೆ ಎಂದು ಕೇಳಿದರೆ ಪೂರ್ಣವಿರಾಮದ ಉದಾಹರಣೆ ಕೊಡಲಿ, ಎಂಟನೆಯ ತರಗತಿಯವರಿಗೆ ಅದು ಕೂಡಲೇ ಅರ್ಥವಾಗುತ್ತದೆ. ನಾವು ಬರೆದದ್ದರ ಮುಂದೆ ನಾಳೆ ಯಾರ ಹೆಸರು ಬಂದು ಸೇರುತ್ತದೋ ನಮಗೆ ತಿಳಿಯದು. ತಿಳಿಯದಿರುವುದರಿಂದಲೇ ನಮ್ಮ ಸಾಲನ್ನು ನಾವು ಮುಗಿಸಿಟ್ಟು ಏಳಬೇಕು.